ಜೋಡಿಗುಂಡಿನಲ್ಲಿ ನಿಲ್ಲುವ ಗಾಡಿ

ಶಿವಗಂಗಾ ಗಂಡನ ಬೈಕ್ ಹೊಡೆಯತೊಡಗಿದ ಹೊಸದರಲ್ಲಿ ಕೂಡ್ಲಿಗಿಯ ಆ ಓಣಿಯ ಒಂದಿಬ್ಬರು ಮುದುಕರು ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕೂತದ್ದುಂಟು. ತಪ್ಪು ಅವರದಲ್ಲ. ಬಿಸಿಲಿಗೆಂದು ಅವಳು ಚೂಡಿದಾರದ ಮೇಲೆ ಗಂಡ ಹುಲುಗಪ್ಪನ ನೀಲಿ ಅಂಗಿ ತೊಡುತ್ತಿದ್ದಳು, ತಲೆಗೆ ಅವನದೇ ಹೆಲ್ಮೆಟ್ಟು. ಗಾಡಿ ಅದೇ, ಸೈಲೆನ್ಸರಿನ ಕೆಮ್ಮೂ ಅದೇ. ತಾವೇ ಮಣ್ಣು ಕೊಟ್ಟು ಬಂದ ಮನುಷ್ಯ ದಿನಾ ಬೆಳಿಗ್ಗೆ ಮನೆಮುಂದೆ ಹಾದುಹೋದರೆ ಯಾರ ಜೀವ ಝಲ್ಲೆನ್ನುವುದಿಲ್ಲ ಹೇಳಿ.

ಅವಳು ಅಂಥ ಗಟ್ಟಿಗಿತ್ತಿಯೇನೂ ಆಗಿರಲಿಲ್ಲ. ಕೋಗಳಿಯ ಕೂಲಿ ಜನರ ಮನೆಯ ಹುಡುಗಿ, ಹತ್ತನೇ ಕ್ಲಾಸು ಪಾಸು. ಗಂಡ ಇದ್ದಾಗ ಹಿಂದಿನ ಸೀಟಿನಲ್ಲಿ ಒಂದೇ ಕಡೆಗೆ ಕಾಲು ಹಾಕಿ, ಸೆರಗು ಚಕ್ರಕ್ಕೆ ಸಿಕ್ಕೀತೆಂದು ಮುದುಡಿ ಹಿಡಿದು ಕೂರುತ್ತಿದ್ದಳು. ಹುಲುಗಪ್ಪ ಗುಡೇಕೋಟೆಯ ನಾಡಕಚೇರಿಯಲ್ಲಿ ಅಟೆಂಡರ್. ಅವನು ಹೋದ ಮೇಲೆ ಅನುಕಂಪದ ಆಧಾರದಲ್ಲಿ ಅದೇ ಕೆಲಸ ಅವಳಿಗೆ ಬಂತು. ಅವನು ತೆಗೆಯುತ್ತಿದ್ದ ಬೀಗವನ್ನೇ ಅವಳು ತೆಗೆಯಬೇಕು, ಅವನು ಕೂತು ಸವೆಸಿದ ಸ್ಟೂಲಿನ ಮೇಲೆ ಕೂರಬೇಕು. ಬಸ್ಸನ್ನು ನಂಬಿ ಕೂತರೆ ಸಾಹೇಬರೇ ಮೊದಲು ಬಂದು ಬಾಗಿಲ ಮುಂದೆ ನಿಂತಿರುತ್ತಿದ್ದರು. ಹಾಗಾಗಿ ತಾಡಪತ್ರಿ ಹೊದ್ದು ಹಿತ್ತಿಲ ಮೂಲೆಯಲ್ಲಿ ನಿಂತಿದ್ದ ಬೈಕನ್ನು ಎಳೆದು ಹೊರಗೆ ತಂದಳು.

ಗಾಡಿ ಕಲಿಸಿದ್ದು ಕೊಟ್ಟೂರು ರಸ್ತೆಯ ಮೆಕಾನಿಕ್ ಮೈಲಪ್ಪ. ಹಗರಿಬೊಮ್ಮನಹಳ್ಳಿಯಿಂದ ಬಂದು ಹೊಸದಾಗಿ ಅಂಗಡಿ ಇಟ್ಟವನು, ಹುಲುಗಪ್ಪನ ಮುಖವನ್ನೂ ಕಂಡವನಲ್ಲ. ಬಾಯಿ ಮಾತ್ರ ಎರಡು ಅಂಗಡಿಗಾಗುವಷ್ಟಿತ್ತು. ಚಳಿಯಲ್ಲಿ ಚೋಕ್ ಎಳೆದು ಕಿಕ್ ಹೊಡೆಯುವುದು, ಹಳೇ ಹಲ್ಲುಜ್ಜುವ ಬ್ರಷ್ಷನ್ನು ಡೀಸೆಲ್ಲಿನಲ್ಲಿ ಅದ್ದಿ ಚೈನು ತಿಕ್ಕಿ ಆಮೇಲೆ ಎಣ್ಣೆ ಬಿಡುವುದು, ಪ್ಲಗ್ಗು ಬಿಚ್ಚಿ ಮಸಿ ಉಜ್ಜುವುದು, ಕ್ಲಚ್ಚಿನ ತಂತಿ ಸಡಿಲಾದರೆ ಒಂದು ಸುತ್ತು ಬಿಗಿಯುವುದು, ಎಲ್ಲವನ್ನೂ ಬೈದು ಬೈದೇ ಹೇಳಿಕೊಟ್ಟ. "ಅಕ್ಕಾ, ಗಾಡಿ ಅಂದ್ರ ಎಮ್ಮಿ ಇದ್ದಂಗ. ದಿನಾ ಮೈ ಮುಟ್ಟಿ ನೋಡ್ಬೇಕು, ಇಲ್ಲಾಂದ್ರ ಒದಿತೈತಿ" ಅನ್ನುತ್ತಿದ್ದ. ಶಿವಗಂಗಾ ದಿನಾ ಮುಟ್ಟಿ ನೋಡಿದಳು. ಕೈಗೆ ಎಣ್ಣೆ ಕಪ್ಪು ಹತ್ತಿತು, ರೂಢಿಯೂ ಹತ್ತಿತು.

ರೂಢಿಯಾಗದೆ ಉಳಿದದ್ದು ಜೋಡಿಗುಂಡು ಮಾತ್ರ.

ಕೂಡ್ಲಿಗಿಗೂ ಗುಡೇಕೋಟೆಗೂ ಸರಿಯಾಗಿ ನಡುವೆ, ರಸ್ತೆ ಪಕ್ಕದಲ್ಲಿ ಎರಡು ದೊಡ್ಡ ಗುಂಡುಕಲ್ಲು ಒಂದಕ್ಕೊಂದು ಒರಗಿ ನಿಂತಿವೆ. ನಡುವೆ ಒಬ್ಬ ಮನುಷ್ಯ ಕೂರುವಷ್ಟು ಸಂದು. ಸುತ್ತ ಜಾಲಿ, ಆಚೆಗೆ ಕರಡಿ ಗುಡ್ಡ. ಹತ್ತಿರದಲ್ಲಿ ಮನೆಯಿಲ್ಲ, ಮಠವಿಲ್ಲ. ನೆಲ ಕಾದು ಕೆಂಡವಾದ ಹೊತ್ತಿನಲ್ಲೂ ಆ ಸಂದಿಗೆ ಕೈ ಚಾಚಿದರೆ ತಣ್ಣಗೆ ಕೊರೆಯುತ್ತದೆ.

ಹುಲುಗಪ್ಪ ಸತ್ತದ್ದು ಅಲ್ಲಿಯೇ. ಅಂದು ಅಮಾವಾಸ್ಯೆ. ಬೆಳಿಗ್ಗೆ ಎದ್ದವನು ಎದೆ ತಿಕ್ಕಿಕೊಳ್ಳುತ್ತ, "ಯಾಕೋ ಹಿಡದಂಗ ಆಗೈತಿ. ಗುಡೇಕೋಟಿ ದವಾಖಾನ್ಯಾಗ ತೋರಿಸ್ಕೊಂತೀನಿ ಬಿಡು" ಎಂದಿದ್ದ. ಅವನ ತಾಯಿ ಗಾದೆಮ್ಮ ಹೆದರಿ, ಅಮಾವಾಸ್ಯೆಯ ಗಾಡಿಪೂಜೆಯನ್ನು ಅಂದು ಇನ್ನಷ್ಟು ಮುತುವರ್ಜಿಯಿಂದ ಮಾಡಿ ಕಳಿಸಿದ್ದಳು. ಮಧ್ಯಾಹ್ನ ಕುರಿಯವರು ನೋಡಿದಾಗ ಬೈಕು ಒಪ್ಪವಾಗಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಅವನು ಸಂದಿಯಲ್ಲಿ ಬೆನ್ನು ಒರಗಿಸಿ ಕೂತಿದ್ದ, ಕಣ್ಣು ತೆರೆದೇ ಇತ್ತು. ಡಾಕ್ಟರು ಹೃದಯ ನಿಂತಿದೆ ಅಂದರು. ಅಷ್ಟೇ ಆಗಿದ್ದರೆ ಜನ ಅತ್ತು ಸುಮ್ಮನಾಗುತ್ತಿದ್ದರು. ಆದರೆ ಅವನ ಎಡಗೈಯಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವಿತ್ತು. ಬಲಗೈಯಲ್ಲಿ ಉದ್ದನೆಯ ಒಂದು ಜಾಲಿಮುಳ್ಳು. ಮುಳ್ಳಿನ ಮೊನೆ ಕೆಂಪಗಿತ್ತು.

ಮೈಮೇಲೆ ಒಂದು ಗೀರೂ ಇರಲಿಲ್ಲ. ಹಾಗಾದರೆ ಮೊನೆಗೆ ಹತ್ತಿದ್ದು ಯಾರ ರಕ್ತ? ಸಾಯುವ ಮನುಷ್ಯ ಮುಚ್ಚಳ ಯಾಕೆ ತೆಗೆದ? ಮಾಟ, ಅಂದಿತು ಊರು. ಹಿರಿಯರು ಆ ಮುಳ್ಳನ್ನು ಉಪ್ಪು ಮೆಣಸಿನಕಾಯಿ ಜೊತೆ ಸುಟ್ಟರು. ಗಾದೆಮ್ಮ ಅಂದಿನಿಂದ ಹಾಸಿಗೆ ಹಿಡಿದಳು, ಅನ್ನ ಕಂಡರೆ ಮುಖ ತಿರುವಿದಳು. ಶಿವಗಂಗಾಳ ತಲೆಯೊಳಗೆ ಮಾತ್ರ ಆ ಮುಳ್ಳು ಸುಡಲಿಲ್ಲ. ಗಂಡ ಹೇಗೆ ಸತ್ತ, ಕೊನೆ ಗಳಿಗೆಯಲ್ಲಿ ಅವನಿಗೆ ಏನು ಕಂಡಿತ್ತು, ಅದೊಂದು ತಿಳಿಯದೆ ಅವಳಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಅವಳು ಕೆಲಸಕ್ಕೆ ಹೊರಟ ಮೊದಲ ದಿನವೇ ಗಾಡಿ ಜೋಡಿಗುಂಡಿನ ಎದುರು ಎರಡು ಸಲ ಬಿಕ್ಕಿ ನಿಂತುಬಿಟ್ಟಿತು. ಕಿಕ್ ಹೊಡೆದಳು, ಇಲ್ಲ. ಪೆಟ್ರೋಲಿನ ಗುಂಡಿಯನ್ನು ರಿಸರ್ವಿಗೆ ತಿರುಗಿಸಿದಳು, ಇಲ್ಲ. ಪ್ಲಗ್ಗಿನ ಟೋಪಿ ಕಿತ್ತು ಮತ್ತೆ ಒತ್ತಿದಳು, ಇಲ್ಲ. ಕೊನೆಗೆ ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುವಿದಳು.

ಒಳಗಿನಿಂದ ಯಾರೋ ಉಸಿರೆಳೆದರು.

ಸ್‌ಸ್‌ಸ್... ಅಂತ, ಬಹಳ ಹೊತ್ತು ಮೂಗು ಮುಚ್ಚಿದವರನ್ನು ಬಿಟ್ಟಾಗ ಎಳೆದುಕೊಳ್ಳುತ್ತಾರಲ್ಲ, ಹಾಗೆ. ಅವಳ ಕೈಯಿಂದ ಮುಚ್ಚಳ ಜಾರಿ ಬಿತ್ತು. ಸುತ್ತ ನೋಡಿದಳು. ಸುಡುವ ಬಿಸಿಲು, ಜಾಲಿ, ಕಲ್ಲು, ಬೇರೇನೂ ಇಲ್ಲ. ಮುಚ್ಚಳ ಹೆಕ್ಕಿ ಹಾಕಿ ಕಿಕ್ ಹೊಡೆದರೆ ಗಾಡಿ ಏನೂ ಆಗಿಲ್ಲವೆಂಬಂತೆ ಚಾಲೂ ಆಯಿತು. ಸಂಜೆ ವಾಪಸು ಬರುವಾಗ ಮತ್ತೆ ಅಲ್ಲೇ ನಿಂತಿತು. ಮುಚ್ಚಳ ತೆಗೆದಾಗ ಮತ್ತೆ ಅದೇ ಉಸಿರು. ಮರುದಿನವೂ ಹಾಗೆಯೇ, ಅದರ ಮರುದಿನವೂ.

ಅತ್ತೆಗೆ ಹೇಳಬಾರದು ಅಂದುಕೊಂಡಿದ್ದಳು, ಬಾಯಿ ತಡೆಯಲಿಲ್ಲ. ಗಾದೆಮ್ಮ ಗೋಡೆ ಕಡೆ ತಿರುಗಿ ಮಲಗಿದ್ದವಳು ಎದ್ದು ಕೂತಳು.

"ನಿಲ್ಲಿಸ್ಯಾನ. ನನ್ನ ಮಗ ಅಲ್ಲೇ ಅದಾನ. ನಿನ್ನ ಮುಂದ ಏನೋ ಹೇಳ್ಬೇಕಂತಾನ."

ಆ ರಾತ್ರಿ ಮುದುಕಿ ತಾನಾಗಿ ಒಂದು ರೊಟ್ಟಿ ಕೇಳಿ ತಿಂದಳು. ಮರುದಿನದಿಂದ ದಿನಾ ಬೆಳಿಗ್ಗೆ ಒಂದು ಬಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುವಳು, ಗುಂಡಿನ ಸಂದಿಯಲ್ಲಿ ಇಟ್ಟು ಹೋಗಬೇಕು. ಸಂಜೆ ಶಿವಗಂಗಾ ನೋಡಿದರೆ ಬಟ್ಟೆ ಮಾತ್ರ ಇರುತ್ತಿತ್ತು. ಕರಡಿ ಗುಡ್ಡದ ಕೆಳಗೆ ಇಟ್ಟ ರೊಟ್ಟಿಯನ್ನು ಯಾರು ತಿಂದಾರು ಎಂಬುದು ಅವಳಿಗೆ ತಿಳಿಯದ್ದೇನಲ್ಲ. ತಿಳಿದೂ ಖಾಲಿ ಬಟ್ಟೆ ಎತ್ತಿಕೊಳ್ಳುವಾಗ ಬೆನ್ನಹುರಿಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಮನೆ ಹೊಕ್ಕ ಕೂಡಲೇ ಗಾದೆಮ್ಮನ ಪ್ರಶ್ನೆ ಕಾದಿರುವುದು: "ಇವತ್ತೂ ನಿಲ್ಲಿಸಿದ್ನಾ?"

"ಹ್ಞೂಂ ಅತ್ತೀ."

ಟ್ಯಾಂಕು ತುಂಬಿಸಿದ ದಿನ ಗಾಡಿ ಜೋಡಿಗುಂಡಿಗಿಂತ ಮೊದಲೇ, ಸಣ್ಣ ಸೇತುವೆಯ ಹತ್ತಿರ ನಿಂತುಬಿಡುತ್ತಿತ್ತು. ಅದನ್ನು ಹೇಳಿದರೆ ಮುದುಕಿಯ ಕಣ್ಣು ಹೊಳೆಯುವುದು. "ನೋಡು, ಎದುರಿಗೆ ಬಂದಾನ! ಸಣ್ಣಾವಿದ್ದಾಗೂ ಹಂಗ, ನಾ ಸಂತಿಯಿಂದ ಬರೂದು ಕಂಡ್ರ ಓಡಿ ಬರ್ತಿದ್ದ." ಶಿವಗಂಗಾ ಒಳಗೆ ಹೋಗಿ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು.

ಅಮಾವಾಸ್ಯೆ ಬಂದರೆ ಗಾಡಿಪೂಜೆ. ಆ ಸೀಮೆಯಲ್ಲಿ ಗಾಡಿ ಇರುವ ಯಾವ ಮನೆಯೂ ಇದನ್ನು ಬಿಡುವುದಿಲ್ಲ, ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ, ಚಕ್ರಕ್ಕೆ ನೀರು. ಗಾದೆಮ್ಮನದು ಇನ್ನೊಂದು ವಿಶೇಷ. ಟ್ಯಾಂಕಿನ ಮೇಲಿನ ದುಂಡು ಮುಚ್ಚಳವೇ ಗಾಡಿಯ ಹಣೆ ಎಂದು ಅವಳ ಲೆಕ್ಕ. ಅದಕ್ಕೆ ಮೂರು ಬೆರಳಿನ ವಿಭೂತಿ, ನಡುವೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ. ಹಳೆಯದನ್ನು ಒರೆಸಬಾರದು, ಅದರ ಮೇಲೆಯೇ ಹಚ್ಚಬೇಕು. ಮಗ ಸತ್ತು ಗಾಡಿ ತಾಡಪತ್ರಿಯ ಕೆಳಗಿದ್ದಾಗಲೂ ಗೋಡೆ ಹಿಡಿದುಕೊಂಡು ಹೋಗಿ ಹಚ್ಚಿ ಬಂದಿದ್ದಳು. ಈಗಂತೂ ಮಾಟದ ಹೆದರಿಕೆಗೆ ಮಂಗಳವಾರ, ಶುಕ್ರವಾರವೂ ಹಚ್ಚತೊಡಗಿದಳು.

ಮೈಲಪ್ಪ ತನ್ನ ಕೈಲಾದದ್ದೆಲ್ಲ ಮಾಡಿ ನೋಡಿದ. ಹೊಸ ಪ್ಲಗ್ಗು ಹಾಕಿದ, ಕಾರ್ಬುರೇಟರ್ ಬಿಚ್ಚಿ ಊದಿದ, ಪೆಟ್ರೋಲ್ ಪೈಪು ಬದಲಿಸಿದ, ಏರ್ ಫಿಲ್ಟರ್ ತೊಳೆದ. ಊರೊಳಗೆ ಒಂದೆರಡು ಸುತ್ತು ಹೊಡೆದು ನೋಡಿದರೆ ಗಾಡಿ ಹೂವಿನಂತೆ ಓಡುತ್ತಿತ್ತು. ಜೋಡಿಗುಂಡು ಬಂದರೆ ಅದೇ ಕಥೆ. ಅಷ್ಟು ಬಾಯಿಯ ಮನುಷ್ಯ ಕೊನೆಗೆ ದನಿ ತಗ್ಗಿಸಿ, "ಅಕ್ಕಾ, ಗಾಡಿಗೆ ಏನೂ ಆಗಿಲ್ಲ. ಆ ಜಾಗಕ್ಕ ಏನೋ ಐತಿ. ಬ್ಯಾರೆ ದಾರಿ ಇದ್ರ ನೋಡ್ರಿ" ಅಂದ.

"ಬ್ಯಾರೆ ದಾರಿ ಎಲ್ಲೈತಣ್ಣ?" ಅಂದಳು ಶಿವಗಂಗಾ. ಆಮೇಲೆ, ಅತ್ತೆಯ ಮುಂದೆ ಬಿಟ್ಟು ಯಾರ ಮುಂದೆಯೂ ಹೇಳದ ಮಾತು ಅವಳ ಬಾಯಿಂದ ಬಂತು. "ನಮ್ಮ ಮನಿಯವರು ಉಸಿರು ಎಳೀತಾರ. ನಾ ಮುಚ್ಚಳ ತೆಗೆದಾಗೆಲ್ಲ ಕೇಳ್ತೈತಿ. ಉಸಿರು ಎಳದ ಮ್ಯಾಲೇ ಗಾಡಿ ಬಿಡ್ತಾರ."

ಮೈಲಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. "ಯಾವಾಗ? ಮುಚ್ಚಳ ತೆಗೆದಾಗ? ಸ್‌ಸ್ ಅಂತನಾ?"

ಹೌದೆಂದು ತಲೆಯಾಡಿಸಿದಳು. ಅವನು ತನ್ನ ಹಣೆಗೆ ತಾನೇ ಪಟ್ಟನೆ ಬಡಿದುಕೊಂಡು, ಮುಚ್ಚಳ ಬಿಚ್ಚಿ ಒಳಬದಿಗೆ ಬಾಯಿಟ್ಟು ಊದಿದ. ಗಲ್ಲ ಉಬ್ಬಿತೇ ಹೊರತು ಗಾಳಿ ಆಚೆ ಹೋಗಲಿಲ್ಲ. ಹೊರಬದಿ ತಿರುಗಿಸಿ ಉಗುರಿನಿಂದ ಕೆರೆದ. ವಿಭೂತಿ, ಕುಂಕುಮ, ಎಣ್ಣೆ ಜಿಡ್ಡು, ದೂಳು, ಹಳೇ ಗೋಡೆಯ ಸುಣ್ಣದಂತೆ ಪದರ ಪದರವಾಗಿ ಕೂತಿತ್ತು. ಬೀಗದ ಪಕ್ಕದಲ್ಲಿ ಸಾಸಿವೆ ಕಾಳಿಗಿಂತ ಸಣ್ಣ ತೂತು, ಅದೂ ಬಿಗಿಯಾಗಿ ಮುಚ್ಚಿಹೋಗಿತ್ತು.

"ಯಾರಕ್ಕ ಇದಕ್ಕ ಇಷ್ಟು ಮೆತ್ತಿದೋರು? ಟ್ಯಾಂಕಿಗೂ ಉಸಿರು ಬೇಕಲ್ಲ! ಪೆಟ್ರೋಲ್ ಕೆಳಗ ಇಳದಂಗೆಲ್ಲ ಈ ತೂತಿನಾಗಿಂದ ಗಾಳಿ ಒಳಗ ಹೋಗ್ಬೇಕು. ಹೋಗ್ಲಿಲ್ಲಾಂದ್ರ ಸ್ವಲ್ಪ ದೂರ ಓಡಿ ಒಳಗ ಹಿಡ್ಕಂತೈತಿ, ಪೆಟ್ರೋಲ್ ಇಳಿಯಂಗಿಲ್ಲ, ಗಾಡಿ ನಿಂದರ್ತೈತಿ. ನೀವು ಮುಚ್ಚಳ ತೆಗೀತೀರಿ, ಗಾಳಿ ಸ್‌ಸ್ ಅಂತ ಒಳಗ ನುಗ್ತೈತಿ, ಮತ್ತ ಓಡ್ತೈತಿ. ಟ್ಯಾಂಕ್ ತುಂಬ ಇದ್ದಾಗ ಒಳಗ ಜಾಗ ಕಮ್ಮಿ, ಅದಕ್ಕ ಜಲ್ದಿ ನಿಂದರ್ತೈತಿ. ಹೊತ್ತುಗಟ್ಟಲೆ ನಿಲ್ಲಿಸಿಟ್ರ ಅಂಚಿನಾಗಿಂದ ಸಾವಕಾಶ ಗಾಳಿ ಸೇರಿ ಮತ್ತ ಸರಿ ಆಗ್ತೈತಿ. ಗುಂಡು ನಡುದಾರ್ಯಾಗ ಐತಿ, ಅದಕ್ಕ ಹೋಗ್ತಾನೂ ಅಲ್ಲೇ, ಬರ್ತಾನೂ ಅಲ್ಲೇ. ನಾನೊಬ್ಬ ಹುಚ್ಚ, ಇಷ್ಟು ದಿನ ಎಲ್ಲಾ ಬಿಚ್ಚಿದೆ, ಮುಚ್ಚಳ ನೋಡ್ಲಿಲ್ಲ."

ಮಾತಾಡುತ್ತಲೇ ಅಂಗಿಗೆ ಚುಚ್ಚಿಕೊಂಡಿದ್ದ ಪಿನ್ನು ತೆಗೆದು ತೂತಿನಲ್ಲಿ ತಿರುವಿದ. ಹೊರಗೆ ಎಳೆದು ಬಿಸಿಲಿಗೆ ಹಿಡಿದು ತೋರಿಸಿದ.

ಪಿನ್ನಿನ ಮೊನೆ ಕೆಂಪಗಿತ್ತು.

ಶಿವಗಂಗಾ ಅವನ ಕೈಯಿಂದ ಪಿನ್ನು ತೆಗೆದುಕೊಂಡಳು. "ಯಾಕಕ್ಕ, ಮಾರಿ ಹಿಂಗ್ಯಾಕಾತು?" ಎಂದು ಮೈಲಪ್ಪ ಕೇಳಿದ್ದು ದೂರದಿಂದ ಕೇಳಿದಂತಿತ್ತು. ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಮುಳ್ಳು. ಹುಲುಗಪ್ಪನಿಗೆ ಯಾರೂ ಮಾಟ ಮಾಡಿರಲಿಲ್ಲ. ಅವನಿಗೆ ಈ ತೂತು ಗೊತ್ತಿತ್ತು. ತಾಯಿ ಹಚ್ಚಿದ್ದನ್ನು ಪ್ರತಿ ಸಲವೂ ದಾರಿಯಲ್ಲಿ ಒಂದು ಜಾಲಿಮುಳ್ಳು ಮುರಿದು, ಅವಳಿಗೆ ಗೊತ್ತಾಗದಂತೆ ಕೆರೆದು ತೆಗೆಯುತ್ತಿದ್ದ. ಅಂದು ಎದೆ ಹಿಡಿದುಕೊಂಡು ದವಾಖಾನೆಗೆ ಹೊರಟವನು ದಾರಿಯಲ್ಲಿ ನಿಂತ ಗಾಡಿಯನ್ನು ಬಿಡಿಸುತ್ತ ಕೂತಿದ್ದಾನೆ. ಕೂತಲ್ಲೇ ಹೋಗಿದ್ದಾನೆ. ಗಾಡಿ ನಿಲ್ಲದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಅದನ್ನು ಯಾವ ಡಾಕ್ಟರೂ ಹೇಳಲಾರ. ಆದರೆ ಗಾಡಿಯನ್ನು ನಿಲ್ಲಿಸಿದ್ದು ಗಾದೆಮ್ಮನ ಬೆರಳು. ಮಗನನ್ನು ಕಾಯಲೆಂದು ಹಚ್ಚಿದ ಬೆರಳು.

ಇದು ಅತ್ತೆಯ ಕಿವಿಗೆ ಬೀಳಬಾರದು. ಅಂಗಡಿಯಿಂದ ಮನೆ ಮುಟ್ಟುವಷ್ಟರಲ್ಲಿ ಶಿವಗಂಗಾ ಅದೊಂದನ್ನೇ ಗಟ್ಟಿ ಮಾಡಿಕೊಂಡಳು. ಮಗ ಗುಂಡಿನ ಹತ್ತಿರ ಇದ್ದಾನೆ ಎಂಬ ನಂಬಿಕೆಯ ಮೇಲೆ ರೊಟ್ಟಿ ತಿನ್ನುವ ಜೀವ ಅದು. ನೀನೇ ಅವನ ದಾರಿ ಕಟ್ಟಿದ್ದೆ ಎಂದು ಗೊತ್ತಾದರೆ ಅಂದೇ ಸಾಯುತ್ತದೆ.

ಮರುದಿನ ಗಾಡಿ ಜೋಡಿಗುಂಡನ್ನು ದಾಟಿ ಹೋಯಿತು. ಬಿಕ್ಕಲಿಲ್ಲ, ತಡವರಿಸಲೂ ಇಲ್ಲ. ಇಷ್ಟು ದಿನ ನಿಂತಾಗ ಹೆದರುತ್ತಿದ್ದ ಹೆಂಗಸು ಅಂದು ನಿಲ್ಲದ್ದಕ್ಕೆ ಹೆದರಿದಳು. ಬೆನ್ನ ಹಿಂದೆ ಕೂತಿದ್ದ ಯಾರನ್ನೋ ಇಳಿಸಿ ಬಂದಂತೆ ಸೀಟು ಹಗುರವಾಯಿತು. ಸ್ವಲ್ಪ ದೂರ ಹೋಗಿ ತಿರುಗಿಸಿ ತಂದು, ತಾನೇ ಬ್ರೇಕ್ ಹಾಕಿ ನಿಲ್ಲಿಸಿ ರೊಟ್ಟಿ ಇಟ್ಟಳು. ಹೆಲ್ಮೆಟ್ಟಿನ ಒಳಗೇ ಜೋರಾಗಿ ಅತ್ತಳು. ಸಂಜೆ ಬಟ್ಟೆ ಖಾಲಿಯಿತ್ತು.

"ಇವತ್ತೂ ನಿಲ್ಲಿಸಿದ್ನಾ?"

"ಹ್ಞೂಂ ಅತ್ತೀ, ನಿಲ್ಲಿಸಿದ್ರು."

ಸುಳ್ಳು ನಡೆಯಿತು. ಮುದುಕಿ ಹಚ್ಚುವುದು, ಇವಳು ಊರು ದಾಟಿ ಮುಳ್ಳು ಹಾಕಿ ತೆಗೆಯುವುದು. ಒಂದು ದಿನ ಜ್ವರದ ತಲೆಯಲ್ಲಿ ಮರೆತು ಹೊರಟಳು, ಗಾಡಿ ಜೋಡಿಗುಂಡಿನಲ್ಲಿ ನಿಂತಿತು. ತಾನೂ ಬಂಡೆಗೆ ಒರಗಿ, ಒಂದು ಕೈಯಲ್ಲಿ ಮುಚ್ಚಳ, ಇನ್ನೊಂದರಲ್ಲಿ ಮುಳ್ಳು ಹಿಡಿದು ಕೂತಿದ್ದೇನೆ ಎಂಬುದು ಅವಳಿಗೆ ಸ್ವಲ್ಪ ತಡವಾಗಿ ತಿಳಿಯಿತು. ಅಂಗಿಯೂ ಅವನದೇ. ಚಂಗನೆ ಎದ್ದಳು. ಇದು ಹೀಗೇ ನಡೆದರೆ ಇನ್ನೊಂದು ಹೆಣ ಇಲ್ಲಿಂದಲೇ ಏಳುತ್ತದೆ ಅನ್ನಿಸಿತು.

ಆದ್ದರಿಂದ ಅಮಾವಾಸ್ಯೆಯ ಹಿಂದಿನ ದಿನ ತಲೆ ಬಾಚಿಕೊಳ್ಳುತ್ತ ಕನ್ನಡಿಯ ಮುಂದೆ ಒಂದು ಮಾತು ಕಟ್ಟಿದಳು. ಸತ್ತವನ ಮಾತಾದರೆ ಮುದುಕಿ ಕೇಳುತ್ತಾಳೆ, ನೋಯುವುದೂ ಇಲ್ಲ. ಬೆಳಿಗ್ಗೆ ಗಾದೆಮ್ಮ ತಟ್ಟೆ ಹಿಡಿದು ಗಾಡಿಯ ಹತ್ತಿರ ಬಂದು ಕುಂಕುಮದಲ್ಲಿ ಬೆರಳು ಅದ್ದಿದಾಗ ಹೇಳಿಯೇಬಿಟ್ಟಳು.

"ಅತ್ತೀ, ಒಂದೀಟು ನಿಂದರ್ರಿ. ನಿನ್ನೆ ಅವರು ಮಾತಾಡಿದ್ರು."

ಮುದುಕಿಯ ಬೆರಳು ಗಾಳಿಯಲ್ಲೇ ನಿಂತಿತು. "ಏನಂದ?"

"ಅವ್ವಾ, ಮುಚ್ಚಳಕ್ಕ ಹಚ್ಚಬ್ಯಾಡ, ಲೈಟಿಗೆ ಹಚ್ಚು, ಅಂತ ಹೇಳು ಅಂದ್ರು."

ಗಾದೆಮ್ಮ ಸೊಸೆಯ ಕಡೆ ತಿರುಗಿದಳು. "ಇನ್ನೊಮ್ಮಿ ಹೇಳು."

ಶಿವಗಂಗಾ ಇನ್ನೊಮ್ಮೆ ಹೇಳಿದಳು. ಮುದುಕಿ ಹೊಸ್ತಿಲ ಮೇಲೆ ಕುಸಿದು ಕೂತಳು, ತಟ್ಟೆ ಪಕ್ಕಕ್ಕಿಟ್ಟಳು.

"ಅವನೇ ಹೇಳ್ಯಾನ. ಈ ಮಾತು ಅವಗ ನನಗ ಬಿಟ್ರ ಯಾರಿಗೂ ಗೊತ್ತಿಲ್ಲ. ನಿನ್ನ ಮದುವಿ ಆಗೂಕಿಂತ ಮೊದಲು, ಈ ಅಂಗಳದಾಗ ನಿಂತು ಹಿಂಗೇ ಅಂದಿದ್ದ. ಅವ್ವಾ, ಮುಚ್ಚಳಕ್ಕ ಹಚ್ಚಬ್ಯಾಡ, ಲೈಟಿಗೆ ಹಚ್ಚು. ಇದೇ ಮಾತು. ಗಾಡಿ ನಿಂದರ್ತೈತಿ ಅಂದ. ನಾನು, ದೇವರ ಕುಂಕುಮಕ್ಕ ಯಾವ ಗಾಡಿ ನಿಂದರ್ತೈತಲೇ ಅಂತ ಬೈದೆ. ಮತ್ತ ಅವ ಆ ಮಾತು ಎತ್ತಲಿಲ್ಲ."

ಆ ಮಾತು ಶಿವಗಂಗಾ ಕಟ್ಟಿದ್ದು. ಕನ್ನಡಿಯ ಮುಂದೆ, ತನ್ನ ಬುದ್ಧಿಯಿಂದ. ಲೈಟಿಗೆ ಹಚ್ಚು ಎಂಬುದು ತನಗೆ ಯಾಕೆ ಹೊಳೆಯಿತು, ಹೇಗೆ ಹೊಳೆಯಿತು ಎಂದು ನೆನಪಿಸಿಕೊಳ್ಳಹೋದರೆ ಏನೂ ಸಿಗಲಿಲ್ಲ.

ಗಾದೆಮ್ಮ ತನ್ನ ಬೆರಳಿನ ತುದಿಯನ್ನೇ ನೋಡುತ್ತಿದ್ದಳು. ಕುಂಕುಮ ಎಣ್ಣೆಯಲ್ಲಿ ಹೊಳೆಯುತ್ತಿತ್ತು.

"ಶಿವಗಂಗೀ," ಅಂದಳು ಮೆಲ್ಲಗೆ, "ಆ ಮುಳ್ಳಿನ ಮೊನಿಗೆ ಇದ್ದದ್ದು ರಗತ ಅಲ್ಲ."

ಮುಚ್ಚಿಡಲೆಂದು ಶಿವಗಂಗಾ ಕಟ್ಟಿದ ಮಾತೇ ಎಲ್ಲವನ್ನೂ ಬಿಚ್ಚಿ ಮುದುಕಿಯ ಮಡಿಲಿಗೆ ಹಾಕಿತ್ತು. ಗಾದೆಮ್ಮ ಅಳಲಿಲ್ಲ. ಬೆರಳನ್ನು ಸೆರಗಿಗೆ ಒರೆಸಿದಳು. ಕೆಂಪು ಹೋಗಲಿಲ್ಲವೆಂಬಂತೆ ಮತ್ತೆ ಮತ್ತೆ ಒರೆಸಿದಳು. ಆಮೇಲೆ ಎದ್ದು, "ನನ್ನನ್ನೂ ಕರಕೊಂಡು ಹೋಗು. ಕಚೇರಿ ಕಟ್ಟಿ ಮ್ಯಾಲೆ ಕುಂದರ್ತೀನಿ, ಸಂಜಿಗೆ ಬರೂಣು" ಅಂದಳು.

ಹೊರಡುವ ಮುಂಚೆ ಶಿವಗಂಗಾ ಮುಚ್ಚಳ ಬಿಚ್ಚಿ ಒರೆಸಿ ಊದಿ ನೋಡಿದಳು, ಗಾಳಿ ಸಲೀಸಾಗಿ ಹಾಯಿತು. ಮುದುಕಿ ಹಿಂದೆ ಕೂತು ಸೊಸೆಯ ಸೊಂಟ ಹಿಡಿದುಕೊಂಡಳು, ಅಲ್ಲ, ಮಗನ ಅಂಗಿ ಹಿಡಿದುಕೊಂಡಳು. ದೂರದಲ್ಲಿ ಜೋಡಿಗುಂಡು ಕಂಡಾಗ ಶಿವಗಂಗಾ ಅಲ್ಲಿ ಬ್ರೇಕ್ ಹಾಕಿ ನಿಲ್ಲಿಸೋಣ ಅಂದುಕೊಂಡಳು. ಕಾಲು ಇನ್ನೂ ಬ್ರೇಕಿನ ಮೇಲೆ ಹೋಗಿರಲಿಲ್ಲ. ಗಾಡಿ ಎರಡು ಸಲ ಬಿಕ್ಕಿ ತಾನಾಗಿ ನಿಂತಿತು.

ಅವಳು ಮುಚ್ಚಳ ತಿರುವಿದಳು. ಉಸಿರಿನ ಸದ್ದು ಬರಲಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಮುಚ್ಚಳವನ್ನು ಬಿಸಿಲಿಗೆ ಎತ್ತಿ ಹಿಡಿದರೆ ತೂತಿನಿಂದ ಒಂದು ಸಣ್ಣ ಬೆಳಕಿನ ಚುಕ್ಕೆ ಇಳಿದು ಅವಳ ಅಂಗೈ ಮೇಲೆ ಬಿತ್ತು.

ಗಾದೆಮ್ಮ ಯಾರೂ ಹೇಳದೆಯೇ ಇಳಿದು ಗುಂಡಿನ ಕಡೆ ನಡೆದಳು. ಸಂದಿಯಲ್ಲಿ, ಮಗ ಕೂತಿದ್ದ ಜಾಗದಲ್ಲೇ ಕೂತು ಬಂಡೆಗೆ ಅಂಗೈ ಇಟ್ಟಳು. ಏನು ಹೇಳಿದಳೋ ರಸ್ತೆಯವರೆಗೆ ಕೇಳಲಿಲ್ಲ. ಹೇಳುವಳು, ಸುಮ್ಮನಾಗುವಳು, ಎದುರಿನವರ ಮಾತಿಗೆ ತಲೆಯಾಡಿಸುವಳು, ಮತ್ತೆ ಹೇಳುವಳು. ಶಿವಗಂಗಾ ಗಾಡಿ ಹಿಡಿದುಕೊಂಡು ನಿಂತೇ ಇದ್ದಳು, ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಗುಡ್ಡದ ಕಡೆ ಎಲ್ಲೋ ಒಂದು ಕಲ್ಲು ಉರುಳಿದ ಸದ್ದಾಯಿತು.

ಮುದುಕಿ ಮಂಡಿ ಹಿಡಿದುಕೊಂಡು ಎದ್ದು ಬಂದಳು. ಮುಖ ಒದ್ದೆಯಿತ್ತು. ಸೀಟಿನ ಮೇಲೆ ಹತ್ತಿ ಅಂಗಿಯನ್ನು ಮೊದಲಿನಂತೆಯೇ ಹಿಡಿದಳು.

"ಏನಂದ್ರು ಅತ್ತೀ?"

"ಹೊತ್ತಾತು, ಕಚೇರಿ ಬಾಗಿಲು ತೆಗಿಬೇಕು, ಅಕಿನ್ನ ಹೋಗಾಕ ಬಿಡು ಅಂದ."

ಶಿವಗಂಗಾ ಮುಚ್ಚಳ ಹಾಕಿ ಬೀಗ ತಿರುವಿದಳು. ಗಾಡಿ ಒಂದೇ ಕಿಕ್ಕಿಗೆ ಚಾಲೂ ಆಯಿತು.